ಹುಲೆಪ್ಪನ ಹಿಮ್ಮಡಿ

ಮುಟ್ಟಿತೋ? ಮುಟ್ಟಲಿಲ್ಲವೋ?

ಸಾಬಣ್ಣನ ತುಟಿಗಳ ನಡುವೆ ಸೀಟಿ ಇತ್ತು. ಹುಡುಗನ ಎಡಗಾಲಿನ ಹಿಮ್ಮಡಿ ಅಂಕಣದ ಅಂಚಿನ ಸುಣ್ಣದ ಗೆರೆಯ ಪಕ್ಕದಲ್ಲೇ ಊರಿತ್ತು. ಹಿಮ್ಮಡಿಗೂ ಗೆರೆಗೂ ನಡುವೆ ಒಂದು ಜೋಳದ ಕಾಳು ಹಿಡಿಯುವಷ್ಟು ಕರಿಮಣ್ಣು ಕಂಡಿತೇ? ಕಂಡಿತು ಎಂದು ಕಣ್ಣು ಹೇಳುತ್ತಿತ್ತು. ಕಾಣದಿದ್ದರೆ ಚೆನ್ನಾಗಿತ್ತು ಎಂದು ಅವನೊಳಗೆ ಇನ್ನೊಂದು ಯಾವುದೋ ಹೇಳುತ್ತಿತ್ತು.

ಆಗ ಅವನು ಗೆರೆಯನ್ನು ಬಿಟ್ಟು ಬೇವಿನ ಮರದ ಕಡೆ ನೋಡಿದ. ಮರದ ಕೆಳಗೆ ಹುಡುಗನ ತಾಯಿ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ನಿಂತಿದ್ದಳು. ಹಾಗೆ ಸೆರಗು ಕಚ್ಚುವವಳು ಮುಧೋಳ ಸೀಮೆಯಲ್ಲಿ ಒಬ್ಬಳೇ ಎಂದು ಒಂದು ಕಾಲದಲ್ಲಿ ಅವನು ನಂಬಿದ್ದ.

ಸಾಬಣ್ಣ ಸೀಟಿ ಊದಿದ.

"ಬಾದ. ಗೆರಿ ತುಳದ."

ಮೈದಾನದ ಒಂದು ಬದಿಯಲ್ಲಿ ಬೀಳಗಿಯವರ ಟೋಪಿಗಳು ಮೇಲಕ್ಕೆ ಹಾರಿದವು. ಇನ್ನೊಂದು ಬದಿಯಲ್ಲಿ ಬನಹಟ್ಟಿಯವರು ಬಾಯಿ ತೆರೆದು ಹಾಗೆಯೇ ನಿಂತರು. ಹುಡುಗ ಎದುರು ಅಂಕಣದಲ್ಲಿ ಇಬ್ಬರನ್ನು ಮುಟ್ಟಿದ್ದ. ಮೂರನೆಯವನು ಸೊಂಟ ಹಿಡಿದಿದ್ದ. ಅವನ ಕೈಯಿಂದ ಮೀನಿನಂತೆ ಜಾರಿಕೊಂಡು, ‘ಹುತುತುತು’ ಎಂಬ ಉಸಿರು ಕಡಿಯದಂತೆ, ಅಂಚು ಹಿಡಿದು ತನ್ನ ಕಡೆಗೆ ಓಡಿ ಬರುತ್ತಿದ್ದ. ಗೆರೆ ತುಳಿದು ಆಟದಿಂದ ಹೊರಬಿದ್ದ ಮೇಲೆ ಅದೆಲ್ಲ ಲೆಕ್ಕಕ್ಕೆ ಬರುವುದಿಲ್ಲ.

ಬನಹಟ್ಟಿಯ ಡ್ರಿಲ್ ಮಾಸ್ತರ ಗುರುರಾಜ ಧೋತರ ಎತ್ತಿಕೊಂಡು ಓಡಿಬಂದ. "ಸಾಬಣ್ಣ ಮಾಸ್ತರ, ಸರಿಯಾಗಿ ನೋಡಿದ್ರ್ಯಾ? ಇಬ್ಬರು ಹೋಗಿದ್ರಲ್ರೀ."

"ಪಂಚರ ಮಾತು ಒಂದ ಸಲ, ಗುರುರಾಜ."

ಹುಡುಗ ಎಡಗಾಲು ಮಡಚಿ ತನ್ನ ಹಿಮ್ಮಡಿಯನ್ನು ತಾನೇ ನೋಡಿಕೊಂಡ. ಅಲ್ಲಿ ಸುಣ್ಣ ಇರಲಿಲ್ಲ. ಆದರೂ ಅಂಗೈಯಿಂದ ಒರೆಸಿಕೊಂಡ.

"ಬಿಡ್ರಿ ಸರ," ಎಂದ ತನ್ನ ಮಾಸ್ತರನಿಗೆ. "ಪಂಚರು ನೋಡ್ಯಾರಂದ್ರ ತಗಲಿರಬೇಕು."

ಅವನು ಹೊರಗೆ ಹೋಗಿ ಕೂತ. ಸಾಬಣ್ಣನ ಬಾಯಲ್ಲಿ ಒಂದು ಸಿಹಿ ಬಂತು. ಹದಿನಾರು ವರ್ಷ ಹಣ್ಣಿಗೆ ಹಾಕಿಟ್ಟಿದ್ದ ಸಿಹಿ.

*

ಅದು ೧೯೫೪ರ ಚಳಿಗಾಲ. ಬಿಜಾಪುರ ಜಿಲ್ಲೆಯ ಸಾಲೆಗಳ ಹುತುತು ಪಂದ್ಯದ, ಅಂದರೆ ಕಬಡ್ಡಿಯ, ಕೊನೆಯ ಆಟ ಜಮಖಂಡಿಯಲ್ಲಿ ನಡೆದಿತ್ತು. ಗೆದ್ದ ತಂಡದಿಂದ ಇಬ್ಬರು ಹುಡುಗರು ಪುಣೆಗೆ, ಮುಂಬೈ ರಾಜ್ಯದ ಪಂದ್ಯಕ್ಕೆ ಹೋಗುವವರಿದ್ದರು. ಬನಹಟ್ಟಿ ಗೆದ್ದರೆ ಹುಲೆಪ್ಪ ಎಂಬ ಹದಿನೈದರ ಹುಡುಗ ಹೋಗುವುದು ಖಚಿತ ಎಂದು ಬೆಳಿಗ್ಗೆಯಿಂದ ಎಲ್ಲರ ಬಾಯಲ್ಲೂ ಇತ್ತು. ಎರಡು ಊರಿಗೂ ಸಂಬಂಧವಿಲ್ಲದವನು ಪಂಚನಾಗಲಿ ಎಂದು ಮುಧೋಳದಿಂದ ಸಾಬಣ್ಣ ಮಾಸ್ತರನನ್ನು ಕರೆಸಿದ್ದರು.

ಸಂಬಂಧವಿಲ್ಲ ಎಂಬುದನ್ನು ಅವನೂ ಒಪ್ಪಿಕೊಂಡಿದ್ದ. ಬೇವಿನ ಮರದ ಕೆಳಗೆ ಕೆಂಪವ್ವನನ್ನು ನೋಡುವವರೆಗೆ.

ಮುಧೋಳದ ಹತ್ತಿರದ ಒಂದೇ ಊರು ಅವರದು. ಎರಡು ಓಣಿ. ಸುಗ್ಗಿ ಮುಗಿದ ಮೇಲೆ ಕಣದಲ್ಲಿ ಹುಡುಗರು ಹುತುತು ಆಡುತ್ತಿದ್ದರು. ಕೆಂಪವ್ವ ಕಲ್ಲುಗೋಡೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದಳು. ನೂಲು ಬೆರಳಿನಿಂದ ಇಳಿಯುತ್ತಿತ್ತು, ಕಣ್ಣು ಮಾತ್ರ ನೂಲಿನ ಮೇಲೆ ಇರುತ್ತಿರಲಿಲ್ಲ. ಸಾಬಣ್ಣನ ಉಸಿರು ಕಡಿದಾಗಲೆಲ್ಲ ಅವಳು ಗೆಳತಿಯರಿಗೆ ಕೇಳುವಷ್ಟು, ಅವನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಿದ್ದಳು:

"ಇಷ್ಟ ಉಸಿರಿನಾಂವ ನಾಳೆ ಹೆಂಡ್ತಿ ಕೂಡ ಜಗಳ ಹ್ಯಾಂಗ ಮಾಡ್ಯಾನೋ, ಪಾಪ."

"ಹೆಂಡ್ತಿ ಬಾಯಿ ಸಣ್ಣದಿದ್ರ ಇಷ್ಟ ಉಸಿರು ಸಾಕು ಬೇ," ಎಂದು ಅವನು ಕಣದಿಂದಲೇ ಉತ್ತರ ಕೊಡುತ್ತಿದ್ದ.

"ಸಣ್ಣ ಬಾಯಿದಕಿ ಬೇಕಾದ್ರ ಬ್ಯಾರೆ ಊರಾಗ ನೋಡಬೇಕು."

ಆಮೇಲೆ ಅವಳು ತಲೆ ತಗ್ಗಿಸಿ ನೂಲು ನೋಡುತ್ತಿದ್ದಳು. ತುಟಿಯ ಎಡ ತುದಿ ಮಾತ್ರ ಸ್ವಲ್ಪ ಮೇಲಕ್ಕೆ ಎದ್ದಿರುತ್ತಿತ್ತು. ಅಷ್ಟು ಸಾಕಿತ್ತು. ಮರುದಿನದ ಆಟಕ್ಕೆ ಅವನಿಗೆ ಎರಡು ಪಟ್ಟು ಉಸಿರು ಬರುತ್ತಿತ್ತು.

ಇಬ್ಬರೂ ಬೀರಪ್ಪನ ಒಕ್ಕಲೇ. ಆದರೆ ಮದುವೆಯಲ್ಲಿ ಸಾಬಣ್ಣನ ಮನೆಯವರು ಉಣ್ಣೆಯ ಕಂಕಣ ಕಟ್ಟುವವರು, ಕೆಂಪವ್ವನ ಮನೆಯವರು ಹತ್ತಿಯ ಕಂಕಣ ಕಟ್ಟುವವರು. ಉಣ್ಣೆ ಕಂಕಣದವರು ಹತ್ತಿ ಕಂಕಣದವರಿಗೆ ಹೆಣ್ಣು ಕೊಟ್ಟ, ತಂದ ಉದಾಹರಣೆ ಆ ಊರಿನಲ್ಲಿ ಇರಲಿಲ್ಲ. ಎರಡು ಮನೆಗಳಲ್ಲೂ ಕೂಗಾಟವಾಗಿ, ಕೊನೆಗೆ ಮಾತು ಬೀರಪ್ಪನ ಗುಡಿಯ ಕಟ್ಟೆಗೆ ಬಂತು. ಯಾರಾದರೂ ಒಬ್ಬರು ತಮ್ಮ ದಾರ ಬಿಟ್ಟರೆ ಲಗ್ನ ಆಗಲಿ ಎಂದು ಹಿರಿಯ ಅಮಸಿದ್ದಪ್ಪ ಹೇಳಿದ.

ಕಟ್ಟೆಯ ಮೇಲೆ ಅಷ್ಟು ಜನರ ಮುಂದೆ ಕೆಂಪವ್ವ ಹೇಳಿದ್ದು ಒಂದೇ ಮಾತು. "ನಾ ಒಲ್ಲೆ." ಹೇಳಿ, ಸೀರೆಯ ಧೂಳು ಕೊಡವಿ ಎದ್ದು ಹೋದಳು. ಮೂರು ತಿಂಗಳಲ್ಲಿ ಬನಹಟ್ಟಿಗೆ ಸೊಸೆಯಾಗಿ ಹೋದಳು.

ಆ ಒಂದು ಮಾತನ್ನು ಸಾಬಣ್ಣ ಎಲ್ಲಿ ಹೋದರೂ ಜೊತೆಗೆ ಒಯ್ದ. ಮಾಸ್ತರಿಕೆಯ ತರಬೇತಿಗೆ ಒಯ್ದ. ನೋಡಿದ ಹೆಣ್ಣುಗಳ ಮನೆಗೆಲ್ಲ ಒಯ್ದು, ಅಲ್ಲಿಂದ ಅದೊಂದನ್ನೇ ವಾಪಸು ತಂದ. ಮೂವತ್ತಾರು ವಯಸ್ಸಾಯಿತು. ಮುಧೋಳದ ಬಾಡಿಗೆ ಕೋಣೆಯಲ್ಲಿ ತಾನೇ ರೊಟ್ಟಿ ಬಡಿದುಕೊಂಡು, ಒಂದಲ್ಲ ಒಂದು ದಿನ ಅವಳಿಗೂ ನಾಲ್ಕು ಜನರ ಮುಂದೆ ತಲೆ ತಗ್ಗುವಂತೆ ಆಗಲಿ ಎಂದು ಕಾದಿದ್ದ.

ಈಗ ಆಗಿತ್ತು. ಆದರೆ ಅವಳು ತಲೆ ತಗ್ಗಿಸಿರಲಿಲ್ಲ. ಅವನ ಕಡೆ ನೋಡಿಯೂ ಇರಲಿಲ್ಲ. ಅವಳ ಕಣ್ಣು ಹೊರಗೆ ಕೂತ ಮಗನ ಬೆನ್ನ ಮೇಲೇ ಇತ್ತು.

*

ಅರ್ಧ ಆಟ ಮುಗಿದಿತ್ತು. ಪಂಚರ ಮೇಜಿನ ಹತ್ತಿರ ನೀರಿನ ಗಡಿಗೆ ಇತ್ತು. ಸಾಬಣ್ಣ ತಂಬಿಗೆ ಎತ್ತಿ ಕುಡಿಯುತ್ತಿದ್ದ. ಹಿಂದಿನಿಂದ ದನಿ ಬಂತು.

"ಮಾಸ್ತರ ಕಣ್ಣು ಛಲೋ ಅದಾವ."

ಅವನು ತಿರುಗಿದ. ಕೆಂಪವ್ವನ ಹಣೆ ಬರಿದಾಗಿತ್ತು. ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು. ಕಣ್ಣು ಮಾತ್ರ ಕಲ್ಲುಗೋಡೆಯ ಮೇಲಿನವೇ.

"ಯಾಕ?" ಎಂದ.

"ಅಷ್ಟು ದೂರದಿಂದ ನನ್ನ ಮಗನ ಹಿಮ್ಮಡಿ ಕಂಡ್ರಿ. ಹದಿನಾರು ವರ್ಷ ನಾ ಎಲ್ಲಿದ್ದೆ, ಅದು ಕಾಣಲಿಲ್ಲ."

"ಒಲ್ಲೆ ಅಂದಾಕಿನ್ನ ಯಾಕ ಹುಡುಕಬೇಕು?"

ಕೆಂಪವ್ವ ಅವನ ಕೈಯಿಂದ ತಂಬಿಗೆ ತೆಗೆದುಕೊಂಡು ಗಡಿಗೆಯಲ್ಲಿ ಮುಳುಗಿಸಿದಳು. ಬೆರಳು ತಾಗಲಿಲ್ಲ. ತಾಗದಂತೆ ಅವಳು ಎಷ್ಟು ಎಚ್ಚರ ವಹಿಸಿದಳೆಂಬುದು ಅವನಿಗೆ ತಾಗಿತು.

"ಅದನ್ನ ಇನ್ನೂ ಇಟಗೊಂಡೀರಿ?"

"ಬಿಸಾಕಾಕ ಅದೇನು ಹರಕ ಅಂಗಿಯೇನು?"

"ಹಂಗಾರ ಪೂರಾ ಇಟಗೋಬೇಕಿತ್ತು. ಅರ್ಧಾ ಯಾಕ ಇಟ್ಟ್ರಿ? ಅಮಸಿದ್ದಪ್ಪಜ್ಜ ಮೊದಲ ಯಾರನ್ನ ಕೇಳಿದ, ನೆನಪೈತೇನು?"

ಸಾಬಣ್ಣ ಮೇಜಿನ ಮೇಲಿದ್ದ ಸೀಟಿಯನ್ನು ಸರಿಸಿಟ್ಟ.

"ನಿಮ್ಮನ್ನ ಕೇಳಿದ. ‘ಹತ್ತಿ ಕಂಕಣ ಕಟಗೊಂತಿಯೇನೋ ಸಾಬಣ್ಣ’ ಅಂದ. ನೀವು ನಿಮ್ಮವ್ವನ ಮಾರಿ ನೋಡಿದ್ರಿ. ಮತ್ತೊಮ್ಮೆ ಕೇಳಿದ. ನೆಲ ನೋಡಿದ್ರಿ. ನಾ ಉಣ್ಣಿ ಕಟಗೋಳಾಕ ತಯಾರಾಗಿ ಬಂದಿದ್ದೆ, ನಮ್ಮಪ್ಪನ ಬಡತ ತಿಂದು. ನೀವು ಒಂದ ಮಾತು ಅಂದಿದ್ರ ಸಾಕಿತ್ತು. ಅನ್ನಲಿಲ್ಲ. ಸುಮ್ಮನ ನಿಂತಾಂವನ ಕೂಡ ಏನ್ ಬಾಳೇ ಮಾಡಲಿ? ಒಲ್ಲೆ ಅಂದೆ."

ಅವಳು ನೀರು ಕುಡಿದಳು. ತಂಬಿಗೆಯನ್ನು ಮೇಜಿನ ಮೇಲೆ, ಅವನ ಸೀಟಿಯ ಪಕ್ಕದಲ್ಲಿ ಇಟ್ಟಳು.

"ಮಗನ್ನ ನೋಡಾಕ ಬಂದೇನಿ. ನಿಮ್ಮನ್ನಲ್ಲ," ಎಂದು ಹೋದಳು.

ಅವನು ನೆನಪಿನಲ್ಲಿ ಕಟ್ಟೆಯನ್ನು ಹುಡುಕಿದ. ಅಮಸಿದ್ದಪ್ಪನ ರುಮಾಲು ಕಂಡಿತು. ತಾಯಿಯ ಮುಖ ಕಂಡಿತು. ತನ್ನ ಹೆಬ್ಬೆರಳು ನೆಲ ಕೆದರಿದ್ದು ಕಂಡಿತು. ಇಷ್ಟು ವರ್ಷ ಇದೆಲ್ಲ ಎಲ್ಲಿತ್ತು? ನಾಚಿಕೆಯಾಗಬೇಕಿತ್ತು. ಆದದ್ದು ಇನ್ನೂ ದೊಡ್ಡ ಸಿಟ್ಟು. ಅವಳನ್ನು ಕಳೆದುಕೊಂಡದ್ದಾಯಿತು. ಅವಳ ಮೇಲಿನ ಸಿಟ್ಟೊಂದು ತನ್ನದಾಗಿತ್ತು, ಅದನ್ನೂ ಅವಳು ಒಂದು ತಂಬಿಗೆ ನೀರು ಕುಡಿಯುವಷ್ಟರಲ್ಲಿ ಕಸಿದುಕೊಂಡು ಹೋಗಿದ್ದಳು.

*

ಉಳಿದರ್ಧ ಆಟದಲ್ಲಿ ಹುಲೆಪ್ಪ ಮತ್ತೆ ಅಂಕಣಕ್ಕೆ ಬಂದ. ಅದೇ ಹುಡುಗ, ಅದೇ ಮೈ. ಆದರೆ ಆಟ ಅದಲ್ಲ.

ಮೊದಲು ಅಂಚಿನಲ್ಲಿ ಹಾವಿನಂತೆ ಹರಿದಾಡುತ್ತಿದ್ದವನು ಈಗ ಅಂಚಿನ ಕಡೆ ಹೋಗಲೇ ಇಲ್ಲ. ನಡುವಿನಲ್ಲೇ ಅಳುಕುತ್ತ ಹೆಜ್ಜೆ ಇಟ್ಟ. ನಾಲ್ಕು ಹೆಜ್ಜೆಗೊಮ್ಮೆ ತನ್ನ ಕಾಲು ನೋಡಿಕೊಂಡ. ಹುತುತು ಆಡುವವನು ಎದುರಾಳಿಯ ಕಣ್ಣನ್ನು ನೋಡಬೇಕು. ತನ್ನ ಕಾಲು ನೋಡಿಕೊಳ್ಳುವವನು ಆಗಲೇ ಸಿಕ್ಕವನು. ಬೀಳಗಿಯ ಹುಡುಗರಿಗೆ ಅದು ಬೇಗ ತಿಳಿಯಿತು.

"ಗೆರಿ ನೋಡಪಾ, ಗೆರಿ," ಎಂದು ಅವರಲ್ಲೊಬ್ಬ ನಕ್ಕ.

ಹುಲೆಪ್ಪ ಕೆಳಗೆ ನೋಡಿದ. ಅಷ್ಟರಲ್ಲಿ ನಾಲ್ಕು ಜನ ಅವನ ಮೇಲೆ ಬಿದ್ದರು.

ಸಾಬಣ್ಣ ನೋಡಬೇಕಾದದ್ದು ಆ ರಾಶಿಯನ್ನು. ಅವನು ಬೇವಿನ ಮರವನ್ನು ನೋಡಿದ. ಕೆಂಪವ್ವನ ತುಟಿಗಳು ಅಲುಗುತ್ತಿದ್ದವು. ಮಗನ ಜೊತೆಗೆ ಅವಳೂ ದನಿಯಿಲ್ಲದೆ ‘ಹುತುತುತು’ ಎನ್ನುತ್ತಿದ್ದಳು. ಅವಳ ಬರಿಗಾಲಿನ ಬೆರಳುಗಳು ನೆಲವನ್ನು ಕಚ್ಚಿದ್ದವು. ಮಗನ ಕೈ ನಡುಗೆರೆಯ ಕಡೆ ಚಾಚಿದಾಗ ಅವಳ ಬಲಗೈ ಸೀರೆಯ ಮಡಿಕೆಯಲ್ಲಿ ಚಾಚಿತು. ಒಂದು ಗೇಣು ಉಳಿದಿತ್ತು. ಆಮೇಲೆ ನಾಲ್ಕು ಬೆರಳು. ಹುಡುಗನ ಉಸಿರು ಕಡಿಯಿತು.

ಮಗನ ‘ಹುತುತು’ ನಿಂತ ಮೇಲೂ ಅವಳ ತುಟಿ ಒಂದು ಕ್ಷಣ ಅಲುಗಿತು. ನಂತರ ಅವಳು ಬಾಯಿ ಮುಚ್ಚಿದಳು.

ಈ ಸಲ ಸೀಟಿ ಊದಲು ಸಾಬಣ್ಣನಿಗೆ ಯಾವ ಅನುಮಾನವೂ ಇರಲಿಲ್ಲ. ಹುಡುಗ ಸಿಕ್ಕಿಬಿದ್ದಿದ್ದು ಖರೆ. ಊದುವುದಕ್ಕೆ ಮಾತ್ರ ಅವನ ಎದೆಯಲ್ಲಿ ಗಾಳಿ ಸಾಲಲಿಲ್ಲ.

ಬೀಳಗಿ ಮೂರು ಪಾಯಿಂಟಿನಿಂದ ಗೆದ್ದಿತು. ಪುಣೆಗೆ ಹೋಗುವವರ ಹೆಸರು ಓದಿದರು. ಇಬ್ಬರೂ ಬೀಳಗಿಯವರು.

*

ಬನಹಟ್ಟಿಯ ಹುಡುಗರು ಬಸ್ಸಿನ ಹತ್ತಿರ ನಿಂತು ಒಬ್ಬರ ಮೇಲೊಬ್ಬರು ರೇಗುತ್ತಿದ್ದರು. ಯಾರೋ ಒಬ್ಬ "ಗೆರಿ ಹುಲೆಪ್ಪ" ಎಂದ. ಹೆಸರು ಹತ್ತಿಕೊಂಡಿತು. ಹುಲೆಪ್ಪ ಪಕ್ಕದಲ್ಲಿ ನಿಂತಿದ್ದ ಚಕ್ಕಡಿಯ ಗಾಲಿಗೆ ಒರಗಿ ಕೂತಿದ್ದ.

ಕೆಂಪವ್ವ ಸಾಬಣ್ಣನ ಬಳಿ ಬಂದಳು. ಅವನು ಸುಣ್ಣದ ಬುಟ್ಟಿ ಎತ್ತಿಡುತ್ತಿದ್ದ, ಅದು ಅವನ ಕೆಲಸವಲ್ಲದಿದ್ದರೂ.

"ಒಂದ ಕೇಳತೇನಿ. ಕಾಲು ಹೊರಗಿತ್ತೇನ್ರಿ?"

ಅವನು ಬುಟ್ಟಿಯೊಳಗೆ ನೋಡಿದ.

"ಆಗೂ ಹಿಂಗ ನಿಂತಿದ್ರಿ," ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. ಬಟ್ಟೆಯ ಅಗಲ ಅಳೆದು ನೋಡಿದವಳಂತೆ ಹೇಳಿದಳು. "ನನಗ ಹೇಳಬ್ಯಾಡ್ರಿ, ತಿಳೀತು."

"ಕೆಂಪಿ," ಎಂದ ಅವನು. ಹದಿನಾರು ವರ್ಷದ ಮೇಲೆ ಆ ಹೆಸರು ಬಾಯಿಂದ ಹೊರಬಂದು ಇಬ್ಬರ ನಡುವೆ ನಿಂತಿತು.

ಬೇವಿನ ಎಲೆಯೊಂದು ಅವಳ ಭುಜದ ಮೇಲೆ ಬಿತ್ತು. ತೆಗೆಯಬೇಕೆಂದು ಅವನ ಕೈ ಅರ್ಧ ಎದ್ದಿತು. ಆ ಅರ್ಧ ಎದ್ದ ಕೈಯನ್ನು ಅವಳು ನೋಡಿದಳು. ತುಟಿಯ ಎಡ ತುದಿ ಸ್ವಲ್ಪ ಮೇಲಕ್ಕೆ ಹೋಯಿತು.

"ಇವರಪ್ಪ ಹೋಗಿ ಐದು ವರ್ಷಾತು. ನೂಲು ಸುತ್ತಿ ಸಾಕೇನಿ ಇವನ್ನ. ಈಗ ನನ್ನ ಯಾವ ಕಟ್ಟಿ ಮ್ಯಾಲೂ ನಿಲ್ಲಿಸಿ ಕೇಳವರಿಲ್ಲ. ನಮ್ಮೊಳಗ ಉಡಿಕಿ ನಡೀತೈತಿ, ಗೊತ್ತೈತಲ್ಲ? ಗಂಡ ಸತ್ತಾಕಿಗೆ ಎರಡನೇ ಲಗ್ನಕ್ಕ ಕಂಕಣಾನ ಇಲ್ಲ. ಹತ್ತಿನೂ ಬ್ಯಾಡ, ಉಣ್ಣಿನೂ ಬ್ಯಾಡ. ಒಂದ ಸೀರಿ ಸಾಕು."

ಸಾಬಣ್ಣನ ಕೈಯಲ್ಲಿದ್ದ ಬುಟ್ಟಿ ಓರೆಯಾಗಿ ಸುಣ್ಣ ಅವನ ಪಾದದ ಮೇಲೆ ಸುರಿಯಿತು.

"ನೀವು ಲಗ್ನ ಆಗಿಲ್ಲಂತ ಕೇಳೇನಿ," ಅವಳು ಮುಂದುವರಿಸಿದಳು. "ಲಗ್ನ ಆಗದಾಂವ ಉಡಿಕಿ ಮಾಡ್ಕೋಬೇಕಂದ್ರ ಮೊದಲ ಎಕ್ಕಿ ಗಿಡಕ್ಕ ತಾಳಿ ಕಟ್ಟಬೇಕಂತ. ಗಿಡ ಏನೂ ಕೇಳೂದಿಲ್ಲ, ನೀವು ಏನೂ ಹೇಳೂದಿಲ್ಲ. ಛಲೋ ಜೋಡಿ."

ಅವನಿಗೆ ನಗು ಬಂತು. ಅವಳಿಗೂ. ಎರಡು ನಗೆಗಳು ಒಂದು ಗಳಿಗೆ ಸೇರಿ, ಕಣದ ಕಾಲದಂತೆ ಹಗುರಾದವು. ಆಮೇಲೆ ಅವಳ ಮುಖ ಗಟ್ಟಿಯಾಯಿತು.

"ಆದ್ರ ಮೊದಲ ಅಂವಗ ಹೇಳಬೇಕು. ನನ್ನ ಮಗಗ. ‘ನಿನ್ನ ಕಾಲು ಒಳಗಿತ್ತು, ತಪ್ಪು ನಂದು’ ಅಂತ. ನೀವ ಹೇಳಬೇಕು, ನಿಮ್ಮ ಬಾಯಿಲೆ. ಹೇಳಿದ ದಿನ ಸೀರಿ ತರ್ರಿ, ಉಡತೇನಿ."

"ಇದು ಸೇಡೇನು, ಕೆಂಪಿ?"

"ಹೌದು. ಸೇಡು ಅನ್ನೂದು ನಿಮಗೊಬ್ಬರಿಗೇ ಬರತೈತೇನು?"

*

ಹದಿನೈದು ದಿನ ಕಳೆದು ಒಂದು ಭಾನುವಾರ ಸಾಬಣ್ಣ ಬನಹಟ್ಟಿಗೆ ಹೋದ. ದಾರಿಯುದ್ದಕ್ಕೂ ಆ ಎರಡು ಮಾತುಗಳನ್ನು ಮನಸ್ಸಿನಲ್ಲಿ ಹೇಳಿಕೊಂಡ. ಸುಲಭವಿದ್ದವು. ಹುಡುಗರಿಗೆ ದಿನವೂ ಎಷ್ಟೋ ಮಾತು ಹೇಳುವವನು ಅವನು.

ಬಟ್ಟೆ ಅಂಗಡಿಯಲ್ಲಿ ಕೆಂಪು ಅಂಚಿನ ಹಸಿರು ಸೀರೆ ಕೊಂಡ. ಕಾಗದದಲ್ಲಿ ಸುತ್ತಿಸಿ ಕಂಕುಳಲ್ಲಿ ಇಟ್ಟುಕೊಂಡ.

ಕೆಂಪವ್ವ ಬಾಗಿಲಲ್ಲೇ ಇದ್ದಳು. ಅವಳ ನೋಟ ಮೊದಲು ಪೊಟ್ಟಣದ ಮೇಲೆ ನಿಂತಿತು. ಅಲ್ಲಿಂದ ನಿಧಾನವಾಗಿ ಅವನ ಅಂಗಿಯ ಗುಂಡಿಗಳನ್ನು ಒಂದೊಂದೇ ಹತ್ತಿ ಮುಖಕ್ಕೆ ಬಂತು. ಆ ನೋಟದಲ್ಲಿ ಹತ್ತೊಂಬತ್ತು ವರ್ಷದ ಹುಡುಗಿ ಇದ್ದಳು. ಮೂವತ್ತೈದರ ವಿಧವೆ ಅವಳ ಹಿಂದೆ ನಿಂತು, ಕೈಕಟ್ಟಿ ಕಾಯುತ್ತಿದ್ದಳು.

"ಒಳಗ ಬರ್ರಿ. ಅಂವ ಮಗ್ಗದ ಮನ್ಯಾಗಿಂದ ಈಗ ಬಂದಾನ," ಎಂದಳು. "ಆಟ ಬಿಟ್ಟಾನ. ಮೈದಾನದ ಕಡೆ ಹೆಜ್ಜಿ ಹಾಕಿಲ್ಲ."

ಹುಲೆಪ್ಪ ಕಂಬಳಿ ಹಾಸಿ, ಬಾಗಿ ಸಾಬಣ್ಣನ ಕಾಲು ಮುಟ್ಟಿದ. ಕೆಂಪವ್ವ ಚಹ ತಂದಿಟ್ಟು ಒಳಕೋಣೆಗೆ ಹೋದಳು. ನೂಲು ಸುತ್ತುವ ಗಾಲಿ ಅಲ್ಲಿ ಕಿರುಗುಟ್ಟತೊಡಗಿತು.

"ಹುಲೆಪ್ಪಾ," ಎಂದ ಸಾಬಣ್ಣ.

ಒಳಗೆ ಗಾಲಿ ನಿಂತಿತು.

"ಏನ್ರಿ ಸರ?"

"ಅವತ್ತಿನ ಆಟ..."

"ಅದನ್ನ ನಾನ ಹೇಳಬೇಕಂತಿದ್ದೆ ಸರ." ಹುಡುಗ ಮುಂದಕ್ಕೆ ಸರಿದು ಕೂತ. ಅವನ ಕಣ್ಣುಗಳು ತಾಯಿಯ ಕಣ್ಣುಗಳೇ. "ಊರಾಗ ಎಲ್ಲಾರೂ ನಿಮ್ಮನ್ನ ಬೈದ್ರು. ಮುಧೋಳದಾಂವ ಬೀಳಗಿಯವರ ಚಹ ಕುಡದಾನ ಅಂದ್ರು. ನಾ ಒಬ್ಬನ ಜಗಳಾ ಮಾಡಿದೆ ನೋಡ್ರಿ. ಅವರ ಕಣ್ಣು ಸುಳ್ಳು ಹೇಳೂದಿಲ್ಲ, ನನ್ನ ಹಿಮ್ಮಡಿ ತಗಲೇತಿ ಅಂದೆ. ಕಾಲು ನಂದು, ನನಗ ಗೊತ್ತಾಗಲಿಲ್ಲ, ಅವರಿಗೆ ಕಂಡಿತು. ಅಂಥಾ ಮಂದಿ ಬೇಕಲ್ರೀ ಸರ ಆಟಕ್ಕ?"

ಹೀಗೆ ನೋಡುವ ಮುಖವೊಂದು ಸಾಬಣ್ಣನ ಎದುರಿಗೆ ಯಾವತ್ತೂ ಕೂತಿರಲಿಲ್ಲ. ಹೇಳಿದರೆ ಅದು ಮುಚ್ಚಿಹೋಗುತ್ತದೆ. ಹೇಳದಿದ್ದರೆ ಒಳಗಿನ ಗಾಲಿ ಮತ್ತೆ ತಿರುಗುತ್ತದೆ. ಅವನು ಚಹದ ಬಟ್ಟಲು ಎತ್ತಿ ಒಂದು ಗುಟುಕು ಕುಡಿದ. ಇನ್ನೊಂದು ಕುಡಿದ. ಬಟ್ಟಲು ಬರಿದಾಯಿತು. ಬರಿದಾದ ಮೇಲೂ ಬಾಯಿಗೆ ಇಟ್ಟುಕೊಂಡ.

"ಆಟ ಬಿಡಬ್ಯಾಡ," ಎಂದ ಕೊನೆಗೆ. "ಉಸಿರು ಛಲೋ ಐತಿ ನಿಂದು."

"ಒಲ್ಲೆ ಸರ. ಕಾಲಿನ ಮ್ಯಾಲ ನಂಬಿಕಿ ಹೋಗೇತಿ."

ಸಾಬಣ್ಣ ಬರಿದಾದ ಬಟ್ಟಲನ್ನು ನೆಲಕ್ಕಿಟ್ಟ. ಒಳಕೋಣೆಯಲ್ಲಿ ಗಾಲಿ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ತಿರುಗತೊಡಗಿತು.

ಹೊರಡುವಾಗ ಕೆಂಪವ್ವ ಹೊಸ್ತಿಲಿಗೆ ಬಂದಳು. ಅವನು ಹೇಳದೆ ಬಿಟ್ಟದ್ದನ್ನು ಅವಳು ಪೂರ್ತಿ ಕೇಳಿಸಿಕೊಂಡಿದ್ದಳು. ಕಣ್ಣಂಚು ತೇವವಾಗಿತ್ತು, ದನಿ ಒಣಗಿತ್ತು.

"ಪೊಟ್ಟಣ ಮರೀಬ್ಯಾಡ್ರಿ, ಮಾಸ್ತರ."

"ಮುಂದಿನ ತಿಂಗಳ ಬರತೇನಿ, ಕೆಂಪಿ."

"ಬರ್ರಿ. ಬಂದಾಗೊಮ್ಮೆ ಚಾ ಕೊಡತೇನಿ."

ಕೊಟ್ಟಳು. ಎರಡು ವರ್ಷ, ತಿಂಗಳಿಗೊಂದು ಭಾನುವಾರ, ಅವಳು ಚಹ ಕೊಟ್ಟಳು, ಅವನು ಕುಡಿದ. ಪ್ರತಿ ಸಲವೂ ಗಾಲಿ ನಿಂತಿತು, ಪ್ರತಿ ಸಲವೂ ಮತ್ತೆ ತಿರುಗಿತು. ಅವಳು ಬಾರದಿರು ಎನ್ನಲಿಲ್ಲ, ಕೇಳಿದ ಬೆಲೆಯಲ್ಲಿ ಒಂದು ಕಾಳಿನಷ್ಟೂ ಬಿಡಲಿಲ್ಲ. ಹುಲೆಪ್ಪ ಮಗ್ಗದಲ್ಲಿ ಕೈ ಪಳಗಿಸಿದ. ಓಣಿಯ ಚಿಕ್ಕವರು ಹುತುತು ಆಡುವಾಗ ನಿಂತು ನೋಡುತ್ತಿದ್ದ, ಗೆರೆಯಿಂದ ಎರಡು ಮಾರು ದೂರದಲ್ಲಿ. ಆಮೇಲೆ ಸಾಬಣ್ಣನಿಗೆ ದೂರದ ಊರಿಗೆ ವರ್ಗವಾಯಿತು. ಹೋಗುವ ಮುನ್ನ ಕೊನೆಯ ಸಲ ಬಂದು, ಕಂಬಳಿಯ ಮೇಲೆ ಕೂತು, ಹುಡುಗನ ಯೋಗಕ್ಷೇಮ ಕೇಳಿ, ಎದ್ದು ಹೋದ.

ನಿನ್ನ ಕಾಲು ಒಳಗಿತ್ತು, ತಪ್ಪು ನನ್ನದು ಎಂದು ಅವನು ಹುಲೆಪ್ಪನಿಗೆ ಹೇಳಲಿಲ್ಲ.